ಹೊಲಕ್ಕೆ ಹೊಡೆದ ಔಷಧಿ ಮನಸ್ಸಿಗೂ ತಾಗುತ್ತದೆ



ಔಷಧಿ ಹೊಡೆದ ದಿನ ತಲೆನೋವು, ವಾಂತಿ ಬರುವುದು ನಮಗೆಲ್ಲ ಗೊತ್ತು. ಆದರೆ ಆಮೇಲೂ ನಿದ್ದೆ ಬಾರದಿರುವುದು, ಸುಮ್ಮಸುಮ್ಮನೆ ಸಿಟ್ಟು, ಮರೆವು, ಏನೂ ಬೇಡ ಅನ್ನಿಸುವುದು, ಇವಕ್ಕೂ ಆ ಡಬ್ಬಿಗೂ ಸಂಬಂಧ ಇರಬಹುದು ಅಂತ ನಾವು ಯೋಚಿಸೋದಿಲ್ಲ. ಮನೆಯವರು ಮೈಗಳ್ಳತನ ಅಂತಾರೆ. ಇಲ್ಲವೇ ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸ್ತಾರೆ.

ಹತ್ತಿ ಮುಂತಾದ ಬೆಳೆಗೆ ಹೊಡೆಯುವ ಕ್ಲೋರೋಪೈರಿಫಾಸ್, ಪ್ರೊಫೆನೋಫಾಸ್ ಇವೆಲ್ಲ ಆರ್ಗನೋಫಾಸ್ಫೇಟ್ ಎಂಬ ಗುಂಪಿನವು. ಹುಳುವಿನ ನರ ಕೆಡಿಸಿಯೇ ಇವು ಅದನ್ನು ಕೊಲ್ಲುವುದು. ನಮ್ಮ ನರಗಳಲ್ಲೂ ಅದೇ ವ್ಯವಸ್ಥೆ ಇದೆ. ಒಂದು ನರ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಅಸಿಟೈಲ್‌ಕೋಲಿನ್ ಎಂಬ ರಸ ಬಿಡುತ್ತದೆ. ಸುದ್ದಿ ಮುಟ್ಟಿದ ಕೂಡಲೇ ಆ ರಸವನ್ನು ಒಡೆದುಹಾಕಲು ಒಂದು ಕಿಣ್ವ ಇದೆ. ವಿಷವು ಈ ಕಿಣ್ವವನ್ನೇ ಕಟ್ಟಿಹಾಕುತ್ತದೆ. ನಲ್ಲಿ ನಿಲ್ಲಿಸುವವರಿಲ್ಲದೆ ನೀರು ಹರಿದ ಹಾಗೆ ಆಗುತ್ತದೆ. ಜೊಲ್ಲು, ಬೆವರು, ಕಣ್ಣೀರು, ಕೈನಡುಕ ಬರುವುದು ಇದರಿಂದಲೇ. ನೆನಪು, ಗಮನ, ನಿದ್ದೆಗೂ ಮೆದುಳಿಗೆ ಇದೇ ರಸ ಬೇಕು.

ಅಮೆರಿಕದ ಅಯೋವಾ ಮತ್ತು ನಾರ್ತ್ ಕೆರೊಲಿನಾ ರಾಜ್ಯಗಳ ರೈತ ಕುಟುಂಬಗಳನ್ನು 1993ರಿಂದ ಗಮನಿಸುತ್ತಾ ಬಂದ ಸಂಶೋಧಕರು, ಕ್ರಿಮಿನಾಶಕದ ವಿಷಬಾಧೆ ಆಗಿದ್ದವರಲ್ಲಿ ಖಿನ್ನತೆ ಹೆಚ್ಚಾಗಿರುವುದನ್ನು ಕಂಡಿದ್ದಾರೆ. ಎಲ್ಲ ದುಃಖಕ್ಕೂ ಔಷಧಿಯೇ ಕಾರಣ ಅಂತ ನಾವು ಹೇಳುತ್ತಿಲ್ಲ. ಸಾಲ, ಗಂಡನ ಕುಡಿತ ಇವೂ ಇವೆ. ಆದರೆ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

"ಪಂಪು ಹೊರೋದು ಗಂಡಸರು, ನಮಗೇನು?" ಅಂತ ಕೇಳಬಹುದು. ಕೊಡದಲ್ಲಿ ನೀರು ತಂದು ಔಷಧಿ ಕಲಸುವವರು ಯಾರು? ಮರುದಿನವೇ ಅದೇ ಹೊಲದಲ್ಲಿ ಕಳೆ ಕೀಳುವವರು, ಆ ಬಟ್ಟೆ ಒಗೆಯುವವರು ಯಾರು? ಈ ವಿಷ ಬಾಯಿಂದಲೇ ಹೋಗಬೇಕೆಂದಿಲ್ಲ, ಚರ್ಮದಿಂದಲೂ ಇಳಿಯುತ್ತದೆ. ಬರಿಗೈಯಲ್ಲಿ ಕಲಸಬೇಡಿ. ಆ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ನೆನೆಹಾಕಬೇಡಿ. ಡಬ್ಬಿಯ ಮೇಲಿನ ಬಣ್ಣ ನೋಡಿ: ಕೆಂಪು ಅತಿ ಹೆಚ್ಚು ವಿಷ, ನಂತರ ಹಳದಿ, ನೀಲಿ, ಹಸಿರು. ಹಸಿರು ಅಂದ್ರೂ ವಿಷವೇ, ಅಂಗಡಿಯವರು ಏನೇ ಹೇಳಲಿ.

ಇನ್ನೊಂದು ಮಾತು, ಹೇಳಲು ಕಷ್ಟವಾದರೂ ಹೇಳಲೇಬೇಕು. ಮನಸ್ಸು ಕುಗ್ಗಿದವರ ಕೈಗೆ ಸಿಗುವ ಹಾಗೆ ಈ ಡಬ್ಬಿ ಮನೆಯೊಳಗೆ ಇರಬಾರದು. ಬೀಗ ಹಾಕಿ, ಬೀಗದ ಕೈ ಬೇರೆಯವರ ಹತ್ತಿರ ಇರಲಿ. ಬೇಕಾದಷ್ಟೇ ತನ್ನಿ, ಉಳಿಸಿಕೊಳ್ಳಬೇಡಿ. ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕ್ರಿಮಿನಾಶಕಗಳನ್ನು ನಿಷೇಧಿಸಿದ ಮೇಲೆ ಆತ್ಮಹತ್ಯೆಗಳು ಬಹಳ ಕಡಿಮೆಯಾದವು.

ಸಂಘದ ಸದಸ್ಯೆಯೊಬ್ಬರು ಸಭೆಗೆ ಬರುವುದು ಬಿಟ್ಟರೆ ದಂಡ ಹಾಕುವ ಮೊದಲು ಮನೆಗೆ ಹೋಗಿ ಮಾತಾಡಿಸಿ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಇದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸೇವೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನೂ ಕಾಣಬಹುದು. ಹೋಗುವಾಗ ಯಾವ ಔಷಧಿ, ಎಷ್ಟು ದಿನ ಹೊಡೆದಿರಿ ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಎಷ್ಟೋ ಸಲ ಡಾಕ್ಟರು ಅದನ್ನು ಕೇಳೋದೇ ಇಲ್ಲ.