ಹೊಸ ಲ್ಯಾಪ್‌ಟಾಪಿಗೆ ಹಗುರ ಲಿನಕ್ಸ್: ಹಾಕುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ತೋಟದ ಜಮಾ-ಖರ್ಚು, ಕಾರ್ಮಿಕರ ಹಾಜರಿ, ಮಳೆಯ ಲೆಕ್ಕ, ಬ್ಯಾಂಕಿನ ವ್ಯವಹಾರ ಇವುಗಳಿಗಾಗಿ ನಮ್ಮ ಬೆಳೆಗಾರ ಬಾಂಧವರಲ್ಲಿ ಅನೇಕರು ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದಾರೆ. ಕಡಿಮೆ ಬೆಲೆಯ ಹೊಸ ಯಂತ್ರಗಳಲ್ಲಿ 4 ಜಿಬಿ ಮೆಮೊರಿ, 64 ಜಿಬಿ ಸಂಗ್ರಹ ಮಾತ್ರ ಇರುವುದುಂಟು. ವಿಂಡೋಸ್ 11 ಬಯಸುವ ಕನಿಷ್ಠ ಪ್ರಮಾಣವೂ ಇಷ್ಟೇ. ಆದ್ದರಿಂದ ಯಂತ್ರ ಹೊಸದಾದರೂ ಮೊದಲ ದಿನದಿಂದಲೇ ಏದುಸಿರು ಬಿಡುತ್ತದೆ. ಇಂಥದಕ್ಕೆ ಹಗುರವಾದ ಲಿನಕ್ಸ್ ಹಾಕಬಹುದೇ ಎಂಬ ಪ್ರಶ್ನೆ ಏಳುವುದು ಸಹಜ. ಹಾಕಬಹುದು, ಆದರೆ ‘ಹಗುರ’ ಎಂಬ ಒಂದೇ ಮಾತನ್ನು ನಂಬಿ ಆರಿಸಬಾರದು. ಅದೇಕೆಂಬುದನ್ನು ಇಲ್ಲಿ ವಿವರಿಸಿದ್ದೇವೆ.

ಹಗುರ ಎಂದರೆ ಏನು?

ಲಿನಕ್ಸ್ ಎಂಬುದು 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ‘ಕರ್ನಲ್’. ಯಂತ್ರದ ಬಿಡಿಭಾಗಗಳನ್ನು ಗುರುತಿಸಿ ಕೆಲಸ ಮಾಡಿಸುವುದು ಇದರ ಹೊಣೆ. ಇದರ ಮೇಲೆ ನಮ್ಮ ಕಣ್ಣಿಗೆ ಕಾಣುವ ಪರದೆಯ ವ್ಯವಸ್ಥೆ, ಅಂದರೆ ‘ಡೆಸ್ಕ್‌ಟಾಪ್’, ಇರುತ್ತದೆ. ಇವೆರಡನ್ನೂ ಇತರ ತಂತ್ರಾಂಶಗಳೊಡನೆ ಸೇರಿಸಿ ಕೊಡುವ ಕಟ್ಟಿಗೆ ‘ಡಿಸ್ಟ್ರೋ’ ಎನ್ನುತ್ತಾರೆ. ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿ ಮೊದಲಾದ ಸರಳ ಡೆಸ್ಕ್‌ಟಾಪ್‌ಗಳು ಕಡಿಮೆ ಮೆಮೊರಿ ಬಳಸುವುದರಿಂದ ಅಂಥ ಡಿಸ್ಟ್ರೋ ಹಗುರವೆನಿಸುತ್ತದೆ. ಆದರೆ ಅಂತರ್ಜಾಲ ನೋಡುವ ಬ್ರೌಸರು ಎಲ್ಲಿಯೇ ಆದರೂ ಸಾಕಷ್ಟು ಮೆಮೊರಿ ನುಂಗುತ್ತದೆ. ಇನ್ನೂ ಕೊಳ್ಳದಿರುವವರು 8 ಜಿಬಿ ಮೆಮೊರಿಯ ಯಂತ್ರವನ್ನೇ ಆರಿಸುವುದು ಒಳಿತು.

ಹೊಸ ಯಂತ್ರದ ತೊಡಕು

ಪಪ್ಪಿ, ಆಂಟಿಎಕ್ಸ್ ಮುಂತಾದ ಅತಿ ಹಗುರ ಡಿಸ್ಟ್ರೋಗಳನ್ನು ಹೆಚ್ಚಾಗಿ ಹಳೆಯ ಯಂತ್ರಗಳನ್ನು ಮನಸ್ಸಿನಲ್ಲಿಟ್ಟು ಸಿದ್ಧಪಡಿಸಲಾಗಿದೆ. ಕೆಲವು ಆವೃತ್ತಿಗಳಲ್ಲಿ ಹಳೆಯ ಕರ್ನಲ್ ಇರುತ್ತದೆ. ಆ ಕರ್ನಲ್ ಬಂದ ನಂತರ ತಯಾರಾದ ವೈಫೈ ಚಿಪ್ಪನ್ನು ಅದು ಗುರುತಿಸಲಾರದು. ಫಲವಾಗಿ ವೈಫೈ ಕಾಣುವುದಿಲ್ಲ, ಟಚ್‌ಪ್ಯಾಡ್ ಅಲುಗುವುದಿಲ್ಲ, ಮುಚ್ಚಿ ತೆರೆದರೆ ಯಂತ್ರ ಎಚ್ಚರಗೊಳ್ಳುವುದಿಲ್ಲ. ಇದನ್ನು ಲ್ಯಾಪ್‌ಟಾಪಿನ ದೋಷವೆಂದು ಅಂಗಡಿಗೆ ಹೊತ್ತೊಯ್ಯುವವರುಂಟು. ದೋಟಿ ಹಗುರವಾದರೆ ಸಾಲದು, ಕೊನೆಗೆ ಎಟಕಬೇಕಷ್ಟೆ!

ಆದ್ದರಿಂದ ಡೆಸ್ಕ್‌ಟಾಪ್ ಹಗುರವಾಗಿರಬೇಕು, ಕರ್ನಲ್ ಹೊಸದಾಗಿರಬೇಕು. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ, ಲುಬುಂಟು, ಜುಬುಂಟು ಇವು ಈ ಎರಡಕ್ಕೂ ಹೊಂದುವಂಥವು. ಮೂರೂ ಉಚಿತ. ಇವುಗಳಿಗೆ ಆಧಾರವಾದ ಉಬುಂಟುವಿನ ದೀರ್ಘಾವಧಿ ಆವೃತ್ತಿ ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಹೊರಬರುತ್ತದೆ. ನಡುವೆ ಹೊಸ ಕರ್ನಲ್‌ಗಳೂ ದೊರೆಯುತ್ತವೆ. ಯಾವಾಗಲೂ ತೀರ ಇತ್ತೀಚಿನದನ್ನೇ ಪಡೆಯಬೇಕು.

ಮೊದಲು ಪೆನ್‌ಡ್ರೈವಿನಲ್ಲಿ ಪರೀಕ್ಷೆ

ಲಿನಕ್ಸನ್ನು ಯಂತ್ರದೊಳಗೆ ಹಾಕದೆಯೇ ಪೆನ್‌ಡ್ರೈವಿನಿಂದ ನಡೆಸಿ ನೋಡಬಹುದು. ಇದೇ ಅದರ ದೊಡ್ಡ ಅನುಕೂಲ. 8 ಜಿಬಿಯ ಪೆನ್‌ಡ್ರೈವಿಗೆ ರುಫಸ್ ಎಂಬ ತಂತ್ರಾಂಶದಿಂದ ಡಿಸ್ಟ್ರೋ ಬರೆದುಕೊಳ್ಳಬೇಕು. ಪೆನ್‌ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿಯುತ್ತದೆಂಬುದು ನೆನಪಿರಲಿ. ಅದರಿಂದ ಯಂತ್ರ ಚಾಲೂ ಮಾಡಿ ಇವನ್ನು ನೋಡಿರಿ:

1. ವೈಫೈ, ಧ್ವನಿ, ಕ್ಯಾಮರಾ, ಟಚ್‌ಪ್ಯಾಡ್ ಸರಿಯಾಗಿವೆಯೇ?
2. ಮುಚ್ಚಳ ಮುಚ್ಚಿ ತೆರೆದಾಗ ಯಂತ್ರ ಎಚ್ಚರಗೊಳ್ಳುತ್ತದೆಯೇ?
3. ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ? ಕರೆಂಟು ಕೈಕೊಡುವ ನಮ್ಮ ಕಡೆ ಇದು ಮುಖ್ಯ.
4. ಮನೆಯ ಪ್ರಿಂಟರ್ ಮುದ್ರಿಸುತ್ತದೆಯೇ?

ಇವುಗಳಲ್ಲಿ ಒಂದು ತಪ್ಪಿದರೂ ಇನ್ನೊಂದು ಡಿಸ್ಟ್ರೋ ಪರೀಕ್ಷಿಸಿ. ಪೆನ್‌ಡ್ರೈವ್ ತೆಗೆದರೆ ಯಂತ್ರ ಮೊದಲಿನಂತೆಯೇ ಇರುತ್ತದೆ.

ಎಚ್ಚರಿಕೆಗಳು

ವಿಂಡೋಸ್ 11 ಇರುವ ಅನೇಕ ಯಂತ್ರಗಳಲ್ಲಿ ಡಿಸ್ಕಿಗೆ ‘ಬಿಟ್‌ಲಾಕರ್’ ಬೀಗ ಹಾಕಿರುತ್ತದೆ. ಆರಂಭದ ವ್ಯವಸ್ಥೆಯಲ್ಲಿ ಕೈಯಾಡಿಸಿದರೆ ವಿಂಡೋಸ್ 48 ಅಂಕಿಗಳ ಕೀಲಿಸಂಖ್ಯೆ ಕೇಳಬಹುದು. ಅದಿಲ್ಲದಿದ್ದರೆ ಒಳಗಿನ ಲೆಕ್ಕಪತ್ರ, ಫೋಟೋ ಯಾವುದೂ ಕೈಗೆ ಸಿಗದು. ಪರೀಕ್ಷೆಗೂ ಮುಂಚೆ ಆ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಡಿ, ಕಡತಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿರಿ.

ಮಿಂಟ್‌ಗೆ ಕನಿಷ್ಠ 20 ಜಿಬಿ ಸ್ಥಳ ಬೇಕು. 64 ಜಿಬಿಯಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇರಿಸಹೊರಟರೆ ಎರಡಕ್ಕೂ ಇಕ್ಕಟ್ಟು.

ಟ್ಯಾಲಿ ತಂತ್ರಾಂಶ ವಿಂಡೋಸ್‌ಗಾಗಿ ಇರುವಂಥದು. ಅದರಲ್ಲೇ ಲೆಕ್ಕ ಇಡುವವರು ವಿಂಡೋಸ್ ಬಿಡುವುದು ತರವಲ್ಲ. ಎಕ್ಸೆಲ್‌ನಲ್ಲಿ ಬರೆದಿಡುವವರಿಗೆ ಲಿಬ್ರೆಆಫೀಸ್ ಸಾಕು. ಕನ್ನಡಕ್ಕೆ ನುಡಿಯ ಕೀಲಿ ವಿನ್ಯಾಸವನ್ನೇ ಜೋಡಿಸಿಕೊಳ್ಳಬಹುದು. ಆದರೆ ಯೂನಿಕೋಡ್ ಅಲ್ಲದ ಹಳೆಯ ನುಡಿ ಕಡತಗಳು ಅವುಗಳ ಅಕ್ಷರಶೈಲಿಯಿಲ್ಲದೆ ಓದಲು ಬಾರವು. ಅವನ್ನು ಮೊದಲೇ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿರಿ.

ಕೊಯ್ಲು, ಔಷಧಿ ಸಿಂಪಡಣೆಗಳ ಗಡಿಬಿಡಿಯಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ಬಿಡುವಿರುವಾಗ ವಾರ ಕಾಲ ಪೆನ್‌ಡ್ರೈವಿನಲ್ಲೇ ನಡೆಸಿ, ತೃಪ್ತಿಯಾದರೆ ಮಾತ್ರ ಯಂತ್ರಕ್ಕೆ ಹಾಕಿಕೊಳ್ಳಿರಿ.