ಎಚ್.ಐ.ವಿ. ತಡೆಗಟ್ಟುವಿಕೆಯಲ್ಲಿ ‘ಪ್ರಮಾಣ’ದ ಸ್ಥಾನ

‘ಪ್ರಮಾಣ’ ಎಂಬ ಶಬ್ದವು ಕನ್ನಡದಲ್ಲಿ ಮೂರು ಅರ್ಥಗಳಲ್ಲಿ ಬಳಕೆಯಲ್ಲಿದೆ. ಅಳತೆ ಎಂಬುದು ಒಂದು. ಯಥಾರ್ಥ ಜ್ಞಾನಕ್ಕೆ ಸಾಧನವಾದ ಆಧಾರ ಎಂಬುದು ಎರಡನೆಯದು. ಆಣೆ, ಅಂದರೆ ಕೊಟ್ಟು ಉಳಿಸಿಕೊಳ್ಳಬೇಕಾದ ಮಾತು ಎಂಬುದು ಮೂರನೆಯದು. ಮನೆಮನೆಯ ಬಾಗಿಲಿಗೆ ಹೋಗಿ ಎಚ್.ಐ.ವಿ. ಸೋಂಕನ್ನು ತಡೆಯಲು ದುಡಿಯುವ ಆರೋಗ್ಯ ಕಾರ್ಯಕರ್ತೆಗೆ ಈ ಮೂರೂ ಬೇಕು. ಒಂದು ತಪ್ಪಿದರೂ ಉಳಿದೆರಡು ಫಲ ಕೊಡಲಾರವು. ಇದನ್ನು ಸ್ವಲ್ಪ ವಿಸ್ತರಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಏಡ್ಸ್ ಎಂಬ ವ್ಯಾಧಿಯು 1981ರಲ್ಲಿ ಅಮೆರಿಕದಲ್ಲಿ ವೈದ್ಯರ ಗಮನಕ್ಕೆ ಬಂದಿತು. ಅದಕ್ಕೆ ಕಾರಣವಾದ ವೈರಾಣುವನ್ನು 1983ರಲ್ಲಿ ಗುರುತಿಸಲಾಯಿತು. ನಮ್ಮ ದೇಶದಲ್ಲಿ ಈ ಸೋಂಕು ಮೊದಲು ಪತ್ತೆಯಾದುದು 1986ರಲ್ಲಿ, ಅಂದಿನ ಮದರಾಸಿನಲ್ಲಿ. ಸೋಂಕಿತರೊಡನೆ ರಕ್ಷಣೆಯಿಲ್ಲದ ಲೈಂಗಿಕ ಸಂಪರ್ಕ, ಸೋಂಕುಳ್ಳ ರಕ್ತ, ಒಬ್ಬರಿಗೆ ಬಳಸಿದ ಸೂಜಿಯನ್ನು ಮತ್ತೊಬ್ಬರಿಗೆ ಬಳಸುವುದು, ತಾಯಿಯಿಂದ ಮಗುವಿಗೆ ಸಾಗುವುದು: ಹರಡುವ ಮಾರ್ಗಗಳು ಮುಖ್ಯವಾಗಿ ಈ ನಾಲ್ಕೇ. ಸಹಪಂಕ್ತಿಯ ಊಟದಿಂದಾಗಲಿ, ಒಂದೇ ಬೆಂಚಿನಲ್ಲಿ ಕುಳಿತು ಓದುವುದರಿಂದಾಗಲಿ, ಮುಟ್ಟುವುದರಿಂದಾಗಲಿ, ಸೊಳ್ಳೆಯ ಕಡಿತದಿಂದಾಗಲಿ ಇದು ಹರಡುವುದಿಲ್ಲ.

ಮೊದಲನೆಯದು ಅಳತೆ. 2023ರ ರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ ಈ ಸೋಂಕಿನೊಡನೆ ಬಾಳುತ್ತಿರುವವರು ಸುಮಾರು 25 ಲಕ್ಷ ಮಂದಿ. ವಯಸ್ಕರಲ್ಲಿ ನೂರಕ್ಕೆ 0.2, ಅಂದರೆ 500 ಜನರಲ್ಲಿ ಒಬ್ಬರು. ಆದರೆ ಈ ಸರಾಸರಿ ಎಲ್ಲೆಡೆ ಒಂದೇ ಸಮನಾಗಿ ಹಂಚಿಹೋಗಿಲ್ಲ. ಕೆಲವು ಜಿಲ್ಲೆಗಳಲ್ಲಿ, ಕೆಲವು ಸಮುದಾಯಗಳಲ್ಲಿ ಅದು ಇದರ ಎಷ್ಟೋ ಪಾಲು ಹೆಚ್ಚಾಗಿದೆ. ಆದುದರಿಂದ ಇಡೀ ಊರಿಗೆ ಒಂದೇ ಉಪದೇಶವನ್ನು ಸಾರಿ ಕರ್ತವ್ಯ ಮುಗಿಯಿತೆಂದು ಭಾವಿಸುವುದು ಸಾಲದು. ಬಸುರಿಯರು ಯಾರು, ದುಡಿಮೆಗಾಗಿ ದೂರದ ನಗರಗಳಿಗೆ ಹೋಗಿಬರುವವರು ಯಾರು, ಪರೀಕ್ಷೆಯಿಂದ ತಪ್ಪಿಹೋದವರು ಯಾರು ಎಂಬುದನ್ನು ಅರಿತವಳೇ ನಿಜವಾದ ಕಾರ್ಯಕರ್ತೆ. 2005ರಲ್ಲಿ ಆರಂಭವಾದ ಆಶಾ ಯೋಜನೆಯು ಸುಮಾರು ಸಾವಿರ ಜನರಿಗೆ ಒಬ್ಬಾಕೆಯಂತೆ ಅದೇ ಊರಿನ ಹೆಣ್ಣುಮಗಳನ್ನು ನೇಮಿಸಿದುದರ ಪ್ರಯೋಜನ ಇಲ್ಲಿ ಸ್ಪಷ್ಟವಾಗುತ್ತದೆ.

ಎರಡನೆಯದು ಆಧಾರ. ಆರಂಭದ ವರ್ಷಗಳಲ್ಲಿ ತಲೆಬುರುಡೆಯ ಚಿತ್ರ ತೋರಿಸಿ ಜನರನ್ನು ಬೆದರಿಸುವುದೇ ತಿಳಿವಳಿಕೆ ಎನಿಸಿತ್ತು. ಉದ್ದೇಶ ಒಳ್ಳೆಯದೇ, ಆದರೆ ಸದುದ್ದೇಶವು ಆಧಾರವಾಗಲಾರದು. ಬೆದರಿದವನು ಪರೀಕ್ಷೆಗೆ ಬರುವುದಿಲ್ಲ, ಅಡಗುತ್ತಾನೆ. ಉಪಾಯವೊಂದು ಫಲಕಾರಿಯೇ ಎಂದು ತಿಳಿಯಬೇಕಾದರೆ ಅದನ್ನು ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನೋಡಬೇಕು. ಹೀಗೆ ನೋಡಿದಾಗ ದೊರೆತ ಫಲ ಸಾಮಾನ್ಯವಾದುದಲ್ಲ. ಯಾವ ಚಿಕಿತ್ಸೆಯೂ ಇಲ್ಲದಿದ್ದರೆ ಸೋಂಕಿತ ತಾಯಂದಿರ ನೂರು ಶಿಶುಗಳಲ್ಲಿ 15ರಿಂದ 45 ಶಿಶುಗಳಿಗೆ ಸೋಂಕು ತಗಲುತ್ತದೆ. ತಾಯಿಗೂ ಮಗುವಿಗೂ ಸಕಾಲದಲ್ಲಿ ಔಷಧ ದೊರೆತರೆ ಈ ಸಂಖ್ಯೆಯನ್ನು 5ಕ್ಕಿಂತ ಕೆಳಗೆ ಇಳಿಸಬಹುದು. ನಮ್ಮ ಚೆನ್ನೈ ಮತ್ತು ಪುಣೆಗಳೂ ಸೇರಿ 9 ದೇಶಗಳಲ್ಲಿ, ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಸೋಂಕಿದ್ದ 1763 ಜೋಡಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಬೇಗನೆ ಚಿಕಿತ್ಸೆ ಆರಂಭಿಸಿದವರಿಂದ ಸಂಗಾತಿಗೆ ಸೋಂಕು ದಾಟುವುದು, ತಡವಾಗಿ ಆರಂಭಿಸಿದವರಿಗೆ ಹೋಲಿಸಿದರೆ, ನೂರಕ್ಕೆ 96ರಷ್ಟು ಕಡಮೆಯಾಗಿತ್ತು. ಔಷಧವು ರೋಗಿಯನ್ನು ಉಳಿಸುವುದಷ್ಟೇ ಅಲ್ಲ, ಸೋಂಕು ಹರಡುವುದನ್ನೂ ತಡೆಯುತ್ತದೆ ಎಂಬುದು ಇದರಿಂದ ಸ್ಥಿರಪಟ್ಟಿತು.

ನಮ್ಮ ನಾಡಿನದೇ ಒಂದು ನಿದರ್ಶನವುಂಟು. ಮೈಸೂರಿನಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರೇ ಮುಂದಾಗಿ ತಮ್ಮವರಿಗೆ ಕಾಂಡೋಮ್ ಬಳಕೆಯನ್ನೂ ಗುಹ್ಯರೋಗಗಳ ಚಿಕಿತ್ಸೆಯನ್ನೂ ತಲುಪಿಸಿದರು. 2004ರಲ್ಲಿ ಒಮ್ಮೆ, 2006ರಲ್ಲಿ ಮತ್ತೊಮ್ಮೆ ಅಲ್ಲಿ ಸಮೀಕ್ಷೆ ನಡೆಯಿತು. ಸಿಫಿಲಿಸ್ ನೂರಕ್ಕೆ 25ರಿಂದ 12ಕ್ಕೆ ಇಳಿದಿತ್ತು. ಎಚ್.ಐ.ವಿ. ಪ್ರಮಾಣ ಮಾತ್ರ 26ರಿಂದ 24ಕ್ಕೆ ಬಂದು ಬಹುಮಟ್ಟಿಗೆ ಅಲ್ಲಿಯೇ ನಿಂತಿತ್ತು. ಇದನ್ನು ಸೋಲೆಂದು ತಿಳಿಯಬಾರದು. ಸಿಫಿಲಿಸ್ ಚಿಕಿತ್ಸೆಯಿಂದ ವಾಸಿಯಾಗುತ್ತದೆ, ಎಚ್.ಐ.ವಿ. ಒಮ್ಮೆ ತಗಲಿದರೆ ಜೀವಾವಧಿ ಉಳಿಯುತ್ತದೆ. ಹಿಂದೆ ಸೋಂಕು ತಗಲಿದವರು ಎಣಿಕೆಯಲ್ಲಿ ಇದ್ದೇ ಇರುವುದರಿಂದ ಆ ಅಂಕಿ ಬೇಗ ಇಳಿಯದು. ಅಂಕಿಯನ್ನು ಸಂಗ್ರಹಿಸುವುದರಷ್ಟೇ ಅದನ್ನು ಸರಿಯಾಗಿ ಓದುವುದೂ ಅಗತ್ಯವೆಂಬುದಕ್ಕೆ ಇದು ಪಾಠ.

ಹಳ್ಳಿಯ ಕಾರ್ಯಕರ್ತೆಗೆ ಈ ಆಧಾರಗಳು ಸರಳ ಕೆಲಸಗಳಾಗಿ ಒದಗುತ್ತವೆ. ಬಸುರಿಗೆ ತಾಯಿ ಕಾರ್ಡ್ ಮಾಡಿಸುವಾಗಲೇ, ಆಕೆಯ ಒಪ್ಪಿಗೆ ಪಡೆದು, ರಕ್ತಪರೀಕ್ಷೆ ಮಾಡಿಸುವುದು. ಸೋಂಕು ಕಂಡರೆ ಎ.ಆರ್.ಟಿ. ಕೇಂದ್ರಕ್ಕೆ ಜೊತೆಯಲ್ಲಿ ಹೋಗುವುದು. ಆಸ್ಪತ್ರೆಯಲ್ಲಿಯೇ ಹೆರಿಗೆಯಾಗುವಂತೆ ನೋಡಿಕೊಳ್ಳುವುದು. ಹುಟ್ಟಿದ ಮಗುವಿಗೆ ಔಷಧ ಕುಡಿಸಿ ಆರನೆಯ ವಾರದಲ್ಲಿ ಪರೀಕ್ಷೆಗೆ ಒಯ್ಯುವುದು. ಸರ್ಕಾರಿ ಕೇಂದ್ರಗಳಲ್ಲಿ 2004ರಿಂದ ಈ ಔಷಧ ಉಚಿತ. ಮಾತ್ರೆಯನ್ನು ಒಂದು ದಿನವೂ ತಪ್ಪಿಸದಿರುವಂತೆ ಎಚ್ಚರಿಸುವುದು ಆಕೆಯ ನಿತ್ಯದ ಕೆಲಸ.

ಮೂರನೆಯದು ಆಣೆ, ಅತ್ಯಂತ ಕಠಿಣವಾದುದೂ ಇದೇ. ಕಾರ್ಯಕರ್ತೆ ಅದೇ ಓಣಿಯವಳು. ‘ಈಕೆಗೆ ತಿಳಿದರೆ ನಮ್ಮ ಅತ್ತೆಗೆ ತಿಳಿಯುತ್ತದೆ, ಅತ್ತೆಗೆ ತಿಳಿದರೆ ನಾನು ಮನೆಯಲ್ಲಿ ಉಳಿಯಲಾರೆ’ ಎಂದು ಬಸುರಿಯೊಬ್ಬಳು ಅಂಜಿ ಪರೀಕ್ಷೆಗೆ ಹೋಗದಿದ್ದರೆ, ಮೇಲೆ ಹೇಳಿದ ಅಳತೆಯೂ ಆಧಾರವೂ ಆ ಮಗುವನ್ನು ಕಾಯಲಾರವು. ಬಾವಿಕಟ್ಟೆಯಲ್ಲಿ ಜಾರಿದ ಒಂದು ಮಾತಿನಿಂದ ಹತ್ತು ಮನೆಗಳ ಬಾಗಿಲು ಮುಚ್ಚುತ್ತದೆ. 2017ರಲ್ಲಿ ಅಂಗೀಕೃತವಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಕೇಂದ್ರದ ಕಾಯಿದೆಯು ಒಪ್ಪಿಗೆಯಿಲ್ಲದ ಪರೀಕ್ಷೆಯನ್ನೂ, ಗುಟ್ಟನ್ನು ಬಯಲು ಮಾಡುವುದನ್ನೂ ನಿಷೇಧಿಸಿದೆ. ಶಾಲೆಗೆ ಸೇರಿಸಿಕೊಳ್ಳಲು ಈ ಪರೀಕ್ಷೆಯನ್ನು ಷರತ್ತಾಗಿ ಒಡ್ಡುವುದನ್ನೂ, ಸೋಂಕಿನ ಕಾರಣದಿಂದ ವಿದ್ಯೆಯನ್ನು ನಿರಾಕರಿಸುವುದನ್ನೂ ಅದು ಒಪ್ಪುವುದಿಲ್ಲ.

ಈ ಕೊನೆಯ ಅಂಶವು ವಿದ್ಯಾಸಂಸ್ಥೆಗಳಿಗೆ ನೇರವಾಗಿ ಸಂಬಂಧಿಸಿದುದು. ಔಷಧ ಸೇವಿಸುತ್ತ, ಎಲ್ಲರಂತೆ ಓದಿ ಆಡಿ ಬೆಳೆಯುತ್ತಿರುವ ಮಗುವೊಂದು ಯಾವ ಶಾಲೆಯ ಯಾವ ತರಗತಿಯಲ್ಲಿಯಾದರೂ ಇರಬಹುದು. ಅದು ಯಾರೆಂದು ಹುಡುಕುವುದು ಗುರುವಿನ ಕೆಲಸವಲ್ಲ. ಯಾರಾದರೂ ಅಂಜದೆ ಕುಳಿತುಕೊಳ್ಳುವಂತೆ ತರಗತಿಯನ್ನು ಇಡುವುದು ಅವರ ಕೆಲಸ. ಹರೆಯದ ಮಕ್ಕಳಿಗೆ ಸೋಂಕಿನ ಮಾರ್ಗಗಳನ್ನು ಸಂಕೋಚವಿಲ್ಲದೆ, ಶುದ್ಧವಾದ ಮಾತಿನಲ್ಲಿ ತಿಳಿಸುವುದೂ ವಿದ್ಯಾದಾನದ ಭಾಗವೇ. ದಾನಿಗಳು ದೂರದ ಚಿಕಿತ್ಸಾ ಕೇಂದ್ರಕ್ಕೆ ಹೋಗಿಬರುವ ಬಡ ತಾಯಿಯ ಬಸ್ಸಿನ ವೆಚ್ಚವನ್ನು ವಹಿಸಿಕೊಂಡರೂ ಅದು ಸಾರ್ಥಕ ದಾನ. ಅಳತೆಯನ್ನು ಸರ್ಕಾರ ಕೊಡಬಹುದು, ಆಧಾರವನ್ನು ವಿಜ್ಞಾನ ಕೊಡಬಹುದು. ಕೊಟ್ಟ ಮಾತನ್ನು ಕಾಯುವುದು ಮಾತ್ರ ಊರಿನ ಜನರೇ ಮಾಡಬೇಕಾದ ಕೆಲಸ.