ಮೂಗಿನ ನಳಿಗೆ ಅಂದರೆ ಕೊನೆಯಲ್ಲ

"ಮೂಗಿನ್ಯಾಗ ನಳಿಗಿ ಹಾಕ್ಯಾರ್ರೀ ಅಕ್ಕಾರ, ಇನ್ನ ಮುಗೀತೇನ್ರೀ?"

ನಾಗಪುರದ ಆಸ್ಪತ್ರೆಯೊಂದರಲ್ಲಿ ಆಹಾರತಜ್ಞೆಯಾಗಿರುವ ನನಗೆ ಕನ್ನಡದಲ್ಲಿ ಹೆಚ್ಚಾಗಿ ಎದುರಾಗುವ ಪ್ರಶ್ನೆ ಇದು. ಬೆಂಗಳೂರು, ಹೈದರಾಬಾದ್ ದಾಟಿ ಉತ್ತರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 44 ಈ ಊರಿನ ಮೇಲೇ ಹಾದುಹೋಗುತ್ತದೆ. ಹಾಗಾಗಿ ಇಲ್ಲಿ ನೆಲೆಸಿದ ನಮ್ಮವರ ಜೊತೆ ದಾರಿಯಲ್ಲಿ ಕಾಯಿಲೆ ಬಿದ್ದ ಲಾರಿಯವರೂ ಬರುತ್ತಾರೆ. ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕ ಗ್ರಂಥಿಯ ಉರಿಯೂತ, ತೀವ್ರವಾಗಿ ಐಸಿಯು ಸೇರಿದರಂತೂ ಮನೆಯವರದು ಒಂದೇ ಬೇಡಿಕೆ: "ನಳಿಗಿ ತಗಸ್ರಿ, ಶಕ್ತಿಗೆ ಇನ್ನೊಂದು ಬಾಟ್ಲಿ ಏರಸ್ರಿ."

ಮೊದಲು ಬಾಟಲಿಯ ಲೆಕ್ಕ ನೋಡೋಣ. ಅರ್ಧ ಲೀಟರಿನ 5 ಪರ್ಸೆಂಟ್ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಹೆಚ್ಚೆಂದರೆ 100 ಕ್ಯಾಲೊರಿ. 60 ಕೆಜಿ ತೂಕದ ರೋಗಿಗೆ ದಿನಕ್ಕೆ ಸುಮಾರು 1500 ಕ್ಯಾಲೊರಿ ಬೇಕು, ಜೊತೆಗೆ ಪ್ರೋಟೀನೂ ಬೇಕು. ಸಲೈನಿನಲ್ಲಂತೂ ಕ್ಯಾಲೊರಿಯೇ ಇಲ್ಲ. ಈ ಕಾಯಿಲೆಯ ಮೊದಲ ದಿನಗಳಲ್ಲಿ ಡ್ರಿಪ್ ಬೇಕೇ ಬೇಕು, ಆದರೆ ಅದು ನೀರಿಗಾಗಿ, ಊಟಕ್ಕಾಗಿ ಅಲ್ಲ.

ರಕ್ತನಾಳದ ಮೂಲಕ ಪೂರ್ತಿ ಊಟವನ್ನೇ ಕೊಡುವ ವಿಧಾನ ಬೇರೆ ಇದೆ. ಅದಕ್ಕೆ ಟಿಪಿಎನ್ ಎನ್ನುತ್ತಾರೆ. ಹಾಲಿನಂತೆ ಬೆಳ್ಳಗಿರುವ ದೊಡ್ಡ ಚೀಲವನ್ನು ಸಾಮಾನ್ಯವಾಗಿ ಕುತ್ತಿಗೆಯ ಅಥವಾ ಎದೆಯ ದೊಡ್ಡ ರಕ್ತನಾಳಕ್ಕೆ ಜೋಡಿಸುತ್ತಾರೆ. ಬಹಳ ವರ್ಷ ಈ ಕಾಯಿಲೆಗೆ ಇದೇ ಸರಿ ಎಂದು ವೈದ್ಯರೂ ನಂಬಿದ್ದರು. ಹೊಟ್ಟೆಗೆ ಅನ್ನ ಬಿದ್ದರೆ ಗ್ರಂಥಿ ಜೀರ್ಣರಸ ಸುರಿಸುತ್ತದೆ, ಉರಿಯೂತ ಹೆಚ್ಚುತ್ತದೆ, ಆದ್ದರಿಂದ ಅದಕ್ಕೆ ವಿಶ್ರಾಂತಿ ಕೊಡಬೇಕು ಎಂಬುದು ಆಗಿನ ತರ್ಕ.

ಆ ತರ್ಕದಲ್ಲಿ ಕರುಳಿನ ಲೆಕ್ಕ ಬಿಟ್ಟುಹೋಗಿತ್ತು. ಕರುಳಿನ ಒಳಪದರ ಒಂದು ಗೋಡೆಯಿದ್ದಂತೆ. ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳನ್ನು ಒಳಗೇ ತಡೆದಿಟ್ಟಿರುತ್ತದೆ. ಆಹಾರ ಬರುವುದು ನಿಂತರೆ ಆ ಗೋಡೆ ಸೊರಗುತ್ತದೆ. ಬ್ಯಾಕ್ಟೀರಿಯಾ ದಾಟಿಹೋಗಿ, ಸತ್ತುಹೋದ ಗ್ರಂಥಿಯ ಭಾಗದಲ್ಲಿ ಸೋಂಕು ಹಬ್ಬಿಸಬಹುದು. ಮೊದಲ ವಾರ ದಾಟಿದ ರೋಗಿಯ ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ಈ ಸೋಂಕೇ. ಟಿಪಿಎನ್ ಪೈಪಿನಿಂದಲೂ ಸೋಂಕು ತಗಲಬಹುದು, ರಕ್ತದ ಸಕ್ಕರೆಯೂ ಏರಬಹುದು.

1997ರಲ್ಲಿ ಗ್ರೀಸಿನ ವೈದ್ಯರು ಕಾಯಿಲೆ ತೀವ್ರವಾಗಿದ್ದ 38 ಮಂದಿಯಲ್ಲಿ ಎರಡೂ ವಿಧಾನ ಹೋಲಿಸಿ ನೋಡಿದರು. ನಳಿಗೆಯಿಂದ ಊಟ ಪಡೆದವರಲ್ಲಿ ಸೋಂಕು ಕಡಿಮೆಯಿತ್ತು. ಟಿಪಿಎನ್ ಖರ್ಚು ಮೂರು ಪಟ್ಟಾಗಿತ್ತು. 2010ರಲ್ಲಿ ಕಾಕ್ರೇನ್ ಸಂಸ್ಥೆ ಇಂಥ 8 ಅಧ್ಯಯನಗಳ 348 ರೋಗಿಗಳ ಲೆಕ್ಕ ಒಟ್ಟುಗೂಡಿಸಿತು. ನಳಿಗೆಯ ಗುಂಪಿನಲ್ಲಿ ಸಾವಿನ ಅಪಾಯ ಸುಮಾರು ಅರ್ಧಕ್ಕೆ ಇಳಿದಿತ್ತು.

ನಳಿಗೆಯ ತುದಿ ಸಣ್ಣ ಕರುಳಿನವರೆಗೆ ಹೋಗಲೇಬೇಕೆ? ದೆಹಲಿಯ ಏಮ್ಸ್‌ನವರು 78 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು. ಹೊಟ್ಟೆಯವರೆಗಿನ ನಳಿಗೆಯೇನೂ ಕಡಿಮೆಯಲ್ಲ ಎಂದು ಕಂಡುಬಂತು. ಅದನ್ನು ಹಾಕಲು ಎಂಡೋಸ್ಕೋಪಿ ಬೇಡ, ಹಾಸಿಗೆಯ ಪಕ್ಕದಲ್ಲೇ ಹಾಕಬಹುದು. ದೊಡ್ಡ ಊರಿನ ದೊಡ್ಡ ಆಸ್ಪತ್ರೆ ತಲುಪಲಾಗದವರಿಗೆ ಇದು ಸಣ್ಣ ಮಾತಲ್ಲ.

ಹಾಗೆಂದು ಎಲ್ಲರಿಗೂ ನಳಿಗೆ ಬೇಕಿಲ್ಲ. ನೆದರ್ಲೆಂಡ್ಸ್‌ನಲ್ಲಿ 208 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ಗುಂಪಿಗೆ 24 ಗಂಟೆಯೊಳಗೇ ನಳಿಗೆ ಹಾಕಿದರು. ಇನ್ನೊಂದು ಗುಂಪಿಗೆ ಮೂರು ದಿನ ಕಾದು ಬಾಯಿಂದಲೇ ಊಟ ಕೊಟ್ಟು, ಆಗದವರಿಗಷ್ಟೇ ನಳಿಗೆ ಹಾಕಿದರು. ಸೋಂಕು, ಸಾವುಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಎರಡನೇ ಗುಂಪಿನ ಶೇ. 69 ಮಂದಿಗೆ ನಳಿಗೆಯೇ ಬೇಕಾಗಲಿಲ್ಲ. ಕಾಯಿಲೆ ಸೌಮ್ಯವಾಗಿದ್ದರೆ, ವಾಂತಿ ನಿಂತು ಹಸಿವಾಗುತ್ತಿದ್ದಂತೆ ಮೆತ್ತಗಿನ ಅನ್ನ, ಇಡ್ಲಿಯಂಥ ಜಿಡ್ಡಿಲ್ಲದ ಊಟ ಶುರುಮಾಡಬಹುದು. ನಾಗಪುರದ ಸಾವಜಿ ಸಾರು, ತರ್ರಿ ಪೋಹೆ ಮಾತ್ರ ಆಗ ಬೇಡ.

ಕರುಳು ಅಡ್ಡಕಟ್ಟಿದ್ದರೆ, ಅದರ ಚಲನೆಯೇ ನಿಂತಿದ್ದರೆ, ಅಥವಾ ನಳಿಗೆಯಿಂದ ಬೇಕಾದಷ್ಟು ಆಹಾರ ಹಲವು ದಿನ ಹೋಗದಿದ್ದರೆ ಟಿಪಿಎನ್ ಬೇಕಾಗುತ್ತದೆ. ಆಗ ಅದೇ ಜೀವ ಉಳಿಸುವ ದಾರಿ.

ಆದ್ದರಿಂದ ನಮ್ಮವರಿಗೆ ನನ್ನ ಮಾತು ಇಷ್ಟೆ. "ಬಾಟಲಿ ಏರಿಸಿ" ಎನ್ನುವ ಬದಲು ಡಾಕ್ಟರನ್ನು ಮೂರು ಪ್ರಶ್ನೆ ಕೇಳಿ. ಬಾಯಿಂದ ಊಟ ಯಾವಾಗ ಶುರುಮಾಡಬಹುದು? ಆಗದಿದ್ದರೆ ನಳಿಗೆಯಿಂದ ಯಾವಾಗ? ಟಿಪಿಎನ್ ಹಾಕುವುದಾದರೆ ಯಾವ ಕಾರಣಕ್ಕೆ? ನಳಿಗೆ ಇರುವಾಗ ತಲೆಯ ಕಡೆ ಹಾಸಿಗೆ ಎತ್ತರಿಸಿಯೇ ಇರಲಿ. ಮನೆಯ ರಾಗಿ ಗಂಜಿಯನ್ನು ಕೇಳದೆ ಅದರಲ್ಲಿ ಹಾಕಬೇಡಿ, ಕಟ್ಟಿಕೊಳ್ಳುತ್ತದೆ. ರೋಗಿ ಅದನ್ನು ಎಳೆದು ತೆಗೆಯದಂತೆ ಪಕ್ಕದಲ್ಲಿ ಕೂತು ನೋಡಿಕೊಳ್ಳಿ. ಬಾಯಿಂದ ಸಾಕಷ್ಟು ಊಟ ಸೇರತೊಡಗಿದ ಮೇಲೆ ನಾವೇ ಅದನ್ನು ತೆಗೆಯುತ್ತೇವೆ.